ಹಳೆಯ ಗೋಡೆಗೆ ಯಾವ ಗಾರೆ? ಸುಣ್ಣ, ಸುರ್ಕಿ, ಎನ್‌ಎಚ್‌ಎಲ್, ಸಿಮೆಂಟ್

ಹಳೆಯ ಇಟ್ಟಿಗೆ ಗೋಡೆಯ ಸಂದುಗಳಿಗೆ ಸಿಮೆಂಟ್ ತುಂಬಿ ಹತ್ತಿಪ್ಪತ್ತು ವರ್ಷ ಕಳೆದ ಮೇಲೆ ಒಮ್ಮೆ ಹೋಗಿ ನೋಡಿ. ಸಿಮೆಂಟಿನ ಗೆರೆಗಳು ಜೇನಿನ ಎರಿಯಂತೆ ಮುಂದಕ್ಕೆ ಚಾಚಿಕೊಂಡಿರುತ್ತವೆ, ನಡುವಿನ ಇಟ್ಟಿಗೆಗಳು ಹುಡಿಯಾಗಿ ಒಳಕ್ಕೆ ಸವೆದಿರುತ್ತವೆ. ಗಾರೆ ಉಳಿದಿದೆ, ಗೋಡೆ ಹೋಗಿದೆ.

ಹಳೆಯ ಗೋಡೆಗಳಲ್ಲಿ ಸಾಮಾನ್ಯವಾಗಿ ತೇವ ತಡೆಯುವ ಪದರ ಇರುವುದಿಲ್ಲ. ನೆಲದಿಂದ ಏರಿದ ನೀರು, ಮಳೆಯಲ್ಲಿ ಹೀರಿದ ನೀರು ಎಲ್ಲಿಂದಾದರೂ ಆವಿಯಾಗಿ ಹೊರಬೀಳಲೇಬೇಕು. ಸುಣ್ಣದ ಗಾರೆಯಲ್ಲಿ ಆವಿ ಸುಲಭವಾಗಿ ಹಾಯುವ ಸೂಕ್ಷ್ಮ ರಂಧ್ರಗಳಿರುವುದರಿಂದ ನೀರು ಸಂದುಗಳ ದಾರಿಯನ್ನೇ ಹಿಡಿಯುತ್ತದೆ, ಹೊತ್ತು ತಂದ ಉಪ್ಪನ್ನೂ ಅಲ್ಲೇ ಇಳಿಸುತ್ತದೆ. ಉಪ್ಪು ಹರಳುಗಟ್ಟಿದಾಗ ಉದುರುವುದು ಗಾರೆ. ಅದನ್ನು ಕೆರೆದು ಮತ್ತೆ ತುಂಬಬಹುದು. ಸಂದನ್ನು ಸಿಮೆಂಟ್ ಮುಚ್ಚಿಬಿಟ್ಟರೆ ನೀರು ಇಟ್ಟಿಗೆಯ ಅಥವಾ ಕಲ್ಲಿನ ಮೈಯಿಂದಲೇ ಹೊರಡುತ್ತದೆ, ಉಪ್ಪು ಅದರೊಳಗೇ ಹರಳಾಗುತ್ತದೆ. ಉದುರಿದ ಇಟ್ಟಿಗೆಯನ್ನು ಮರಳಿ ತರಲಾಗದು.

ಹಾಗಾಗಿ ಸುಣ್ಣ, ಸುರ್ಕಿ (ಸುಣ್ಣಕ್ಕೆ ಬೆರೆಸುವ ಇಟ್ಟಿಗೆ ಪುಡಿ), ಎನ್‌ಎಚ್‌ಎಲ್ (ನೀರಿನಲ್ಲೂ ಗಟ್ಟಿಯಾಗುವ ಒಂದು ಬಗೆಯ ಸುಣ್ಣ), ಸಿಮೆಂಟ್ ಇವನ್ನು ಇಲ್ಲಿ ಹೋಲಿಸುವಾಗ ಕೇಳಬೇಕಾದದ್ದು 'ಯಾವುದು ಗಟ್ಟಿ?' ಎಂದಲ್ಲ. ಪಕ್ಕದ ಇಟ್ಟಿಗೆ ಅಥವಾ ಕಲ್ಲಿಗಿಂತ ಮೆದುವಾಗಿದ್ದು, ಹವಾಮಾನಕ್ಕೆ ಮಾತ್ರ ತಾಳುವಷ್ಟು ಗಟ್ಟಿಯಿರುವ ಗಾರೆ ಯಾವುದು ಎಂದು ಕೇಳಬೇಕು.

ಮೊದಲು ಹಳೆಯ ಗಾರೆಯನ್ನು ಪರೀಕ್ಷಿಸಿ

ಕಟ್ಟಡದ ಕಾಲ ಒಂದು ಸುಳಿವು ಕೊಡುತ್ತದೆ. ಇಂಗ್ಲೆಂಡಿನ ಎಂಜಿನಿಯರ್ ಜಾನ್ ಸ್ಮೀಟನ್ 1756ರಿಂದ 1759ರವರೆಗೆ ಎಡಿಸ್ಟೋನ್ ದೀಪಸ್ತಂಭ ಕಟ್ಟುವಾಗ, ಜೇಡಿಯ ಅಂಶವಿರುವ ಸುಣ್ಣದ ಕಲ್ಲನ್ನು ಸುಟ್ಟರೆ ಬರುವ ಸುಣ್ಣ ನೀರಿನಲ್ಲೂ ಗಟ್ಟಿಯಾಗುತ್ತದೆ ಎಂದು ಕಂಡುಕೊಂಡ. ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಪೇಟೆಂಟ್ ಪಡೆದದ್ದು 1824ರಲ್ಲಿ. ಅದಕ್ಕೂ ಹಿಂದಿನ ಗೋಡೆಯಲ್ಲಿ ಆ ಸಿಮೆಂಟ್ ಕಂಡರೆ ಅದು ನಂತರದ ದುರಸ್ತಿ ಎಂದೇ ಅರ್ಥ.

ಮಾದರಿಯನ್ನು ಹೊರಮೈಯಿಂದ ತೆಗೆಯಬೇಡಿ, ಅಲ್ಲಿ ದುರಸ್ತಿಯ ಮೇಲೆ ದುರಸ್ತಿ ಕೂತಿರುತ್ತದೆ. 50 ಮಿಲಿಮೀಟರ್‌ಗಿಂತ ಆಳದಿಂದ, ನೆಟ್ಟಗಿರುವ ಕಡೆಯಿಂದ 50ರಿಂದ 100 ಗ್ರಾಂ ತೆಗೆಯಿರಿ. ಒಂದು ತುಂಡನ್ನು ನೀರಿಗೆ ಹಾಕಿ. ಕರಗಿ ಕೆಸರಾದರೆ ಅದು ಮಣ್ಣಿನ ಗಾರೆ. ಒಳಗೆ ಮಣ್ಣು, ಹೊರ ಸಂದಿನಲ್ಲಿ ಮಾತ್ರ ಸುಣ್ಣ ಇರುವ ಗೋಡೆಗಳು ಬಹಳ. ಇನ್ನೊಂದು ತುಂಡು ಎಷ್ಟು ಮೆದು ಎಂದು ಉಗುರಿನಿಂದ ಗೀರಿ ನೋಡಿ, ಆಮೇಲೆ ಮುರಿದು ನೋಡಿ. ಸಾಸಿವೆಯಿಂದ ಕಡಲೆಯಷ್ಟರ ಗಾತ್ರದ ಬಿಳಿ ಸುಣ್ಣದ ಉಂಡೆಗಳು ಕಂಡರೆ ಸುಟ್ಟ ಸುಣ್ಣವನ್ನು ಮರಳಿನ ಜೊತೆಗೇ ಅರಳಿಸಿ ಕಲಸಿರುವ ಸಾಧ್ಯತೆ ಹೆಚ್ಚು. ಕೆಂಪು ಕಣಗಳಿದ್ದರೆ ಇಟ್ಟಿಗೆ ಪುಡಿ.

ಉಳಿದದ್ದನ್ನು ಮೆತ್ತಗೆ ಪುಡಿ ಮಾಡಿ, ಒಣಗಿಸಿ ತೂಗಿ, ಸುಮಾರು ಶೇ 10ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಹಾಕಿ. ಆಮ್ಲವನ್ನು ತೆಳು ಮಾಡುವಾಗ ಆಮ್ಲವನ್ನೇ ನೀರಿಗೆ ಸುರಿಯಬೇಕು, ನೀರನ್ನು ಆಮ್ಲಕ್ಕಲ್ಲ. ಗಾಳಿಯಾಡುವ ಜಾಗ, ಕೈಗವಸು, ಕನ್ನಡಕ ಬೇಕೇ ಬೇಕು. ನೊರೆ ನಿಂತ ಮೇಲೆ ತಳದಲ್ಲಿ ಉಳಿಯುವುದು ಮರಳು. ಅದನ್ನು ತೊಳೆದು ಒಣಗಿಸಿ ತೂಗಿದರೆ ಸುಣ್ಣಕ್ಕೂ ಮರಳಿಗೂ ಇದ್ದ ಪ್ರಮಾಣ ಅಂದಾಜಾಗುತ್ತದೆ, ಜರಡಿ ಹಿಡಿದರೆ ಕಣಗಳ ಗಾತ್ರವೂ ಗೊತ್ತಾಗುತ್ತದೆ. ಒಂದು ಎಚ್ಚರಿಕೆ: ಮರಳಿನಲ್ಲಿ ಚಿಪ್ಪಿನ ಚೂರು ಅಥವಾ ಸುಣ್ಣದ ಕಲ್ಲಿನ ಕಣಗಳಿದ್ದರೆ ಅವೂ ಕರಗಿಹೋಗಿ, ಗಾರೆಯಲ್ಲಿ ಇದ್ದದ್ದಕ್ಕಿಂತ ಹೆಚ್ಚು ಸುಣ್ಣ ಇದ್ದಂತೆ ಲೆಕ್ಕ ಬರುತ್ತದೆ. ನೊರೆಯೇ ಬಾರದಿದ್ದರೆ ಜಿಪ್ಸಮ್ ಇರಬಹುದು, ಆಗ ಸಿಮೆಂಟನ್ನು ಹತ್ತಿರಕ್ಕೂ ತರಬಾರದು. ಕಾರಣ ಸಿಮೆಂಟಿನ ಭಾಗದಲ್ಲಿದೆ.

ಸುಣ್ಣದ ಮುದ್ದೆ

ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟು, ನೀರಿನಲ್ಲಿ ಅರಳಿಸಿ, ಜರಡಿ ಹಿಡಿದು, ಮೇಲೆ ನೀರು ನಿಲ್ಲಿಸಿ ಹಣ್ಣಾಗಲು ಬಿಟ್ಟ ಸುಣ್ಣ ಇದು. ಕನಿಷ್ಠ ಮೂರು ತಿಂಗಳು ಬಿಡಬೇಕು, ಗಿಲಾವಿಗೆ ಇನ್ನೂ ಹೆಚ್ಚು. ನೀರಿನಡಿ ಇರುವವರೆಗೆ ವರ್ಷಗಟ್ಟಲೆ ಕೆಡುವುದಿಲ್ಲ, ಹಳೆಯದಾದಷ್ಟು ನುಣುಪಾಗುತ್ತದೆ. ಒಂದು ಲೀಟರ್ ಮುದ್ದೆ ತೂಗಿ ನೋಡಿ: ಚೆನ್ನಾಗಿ ಅರಳಿದ್ದು 1.35ರಿಂದ 1.45 ಕಿಲೋ ಬರುತ್ತದೆ. ಅದಕ್ಕಿಂತ ಬಹಳ ಭಾರವಾದರೆ ಅರಳದ ಅಥವಾ ಅತಿಯಾಗಿ ಸುಟ್ಟ ಕಣಗಳಿವೆ ಎಂದು ಅನುಮಾನಿಸಿ.

ಇದು ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಾಗುವುದರಿಂದ. ಆ ಕೆಲಸ ಹೊರಗಿನಿಂದ ಒಳಕ್ಕೆ ಬಹಳ ನಿಧಾನವಾಗಿ, ಮೊದಲ ತಿಂಗಳುಗಳಲ್ಲಿ ತಿಂಗಳಿಗೆ ಒಂದೆರಡು ಮಿಲಿಮೀಟರಿನಷ್ಟು ಸಾಗಿ, ಆಮೇಲೆ ಇನ್ನೂ ನಿಧಾನವಾಗುತ್ತದೆ. ಅದಕ್ಕೆ ತೇವವೂ ಬೇಕು, ಗಾಳಿಯೂ ಬೇಕು. ಪೂರ್ತಿ ಒಣಗಿದರೂ ನಿಲ್ಲುತ್ತದೆ, ಪೂರ್ತಿ ನೆನೆದಿದ್ದರೂ ನಿಲ್ಲುತ್ತದೆ. ಹೊಸ ಗಾರೆಯನ್ನು ಮುರಿದು ಫೀನಾಲ್ಫ್ಥಲೀನ್ (ಕ್ಷಾರ ತಗುಲಿದರೆ ಗುಲಾಬಿಯಾಗುವ ದ್ರಾವಣ) ಹಚ್ಚಿದರೆ ಎಷ್ಟು ಆಳ ಕಲ್ಲಾಗಿದೆ ಎಂದು ಕಣ್ಣಿಗೇ ಕಾಣುತ್ತದೆ. ಗುಲಾಬಿಯಾದ ಭಾಗ ಇನ್ನೂ ಆಗಿಲ್ಲ.

ಎಲ್ಲಕ್ಕಿಂತ ಮೆದು, ಎಲ್ಲಕ್ಕಿಂತ ಹೆಚ್ಚು ಉಸಿರಾಡುವ ಗಾರೆ ಇದು. ಗೋಡೆ ಕೂದಲೆಳೆಯಷ್ಟು ಸರಿದರೂ ತಾಳಿಕೊಳ್ಳುತ್ತದೆ. ಬಿಟ್ಟ ಸಣ್ಣ ಬಿರುಕುಗಳಲ್ಲಿ ಕರಗಿದ ಸುಣ್ಣ ಮತ್ತೆ ಕೂತು ಮುಚ್ಚಿಕೊಳ್ಳುವುದೂ ಉಂಟು. ಮೆದು ಇಟ್ಟಿಗೆ, ಮೆದು ಮರಳುಗಲ್ಲು, ಒಳಗೋಡೆಯ ಗಿಲಾವು, ಚಿತ್ರಗಳಿರುವ ಗೋಡೆ, ಮಣ್ಣಿನ ಗೋಡೆಯ ಹೊರಮೈ, ಇಷ್ಟಕ್ಕೂ ಇದೇ ಮೊದಲ ಆಯ್ಕೆ. ಸದಾ ಒದ್ದೆ ಇರುವ ತಳಪಾಯ, ಮಳೆ ನೇರ ಬಡಿಯುವ ಗೋಡೆ ನೆತ್ತಿ, ಕೆಲವೇ ವಾರಗಳಲ್ಲಿ ಹಿಮ ಬೀಳುವ ಕಡೆ, ಇಲ್ಲೆಲ್ಲ ಇದು ಕೈಕೊಡುತ್ತದೆ.

ಹೊಸ ಸುಣ್ಣ ಅರಳಿಸುವವರಿಗೆ ಒಂದು ಮಾತು: ಸುಟ್ಟ ಸುಣ್ಣವನ್ನು ನೀರಿಗೆ ಸ್ವಲ್ಪಸ್ವಲ್ಪವೇ ಹಾಕಬೇಕು. ನೀರನ್ನು ಸುಣ್ಣದ ಮೇಲೆ ಸುರಿದರೆ ಕೊತಕೊತ ಕುದಿದು ಸಿಡಿಯುತ್ತದೆ. ಕಣ್ಣಿಗೆ ಬಿದ್ದ ಸುಣ್ಣ ದೃಷ್ಟಿಯನ್ನೇ ತೆಗೆಯಬಲ್ಲದು, ತೊಳೆಯುವ ನೀರು ಕೈಗೆಟುಕುವಲ್ಲೇ ಇರಲಿ.

ಚೀಲದಲ್ಲಿ ಸಿಗುವ ಪುಡಿ ಸುಣ್ಣವೂ ಇದೇ ಜಾತಿಯದು. ಆದರೆ ಚೀಲ ಹಳೆಯದಾದರೆ ಒಳಗೇ ಕಲ್ಲಾಗಿ ಬರಿ ಸೀಮೆಸುಣ್ಣದ ಹುಡಿಯಾಗಿರುತ್ತದೆ. ಬಳಸಲೇಬೇಕಾದರೆ ಹೊಸ ಚೀಲ ತಂದು, ಕನಿಷ್ಠ ಒಂದು ದಿನ ನೀರಲ್ಲಿ ನೆನೆಸಿ ಮುದ್ದೆ ಮಾಡಿ ಬಳಸಿ.

ಸುರ್ಕಿ ಮತ್ತು ಅದರ ಬಳಗ

ಮೆದು ಸುಣ್ಣಕ್ಕೆ ನೀರಿನಲ್ಲೂ ಗಟ್ಟಿಯಾಗುವ ಗುಣ ಕೊಡಲು ಸುಟ್ಟ ಜೇಡಿ ಅಥವಾ ಜ್ವಾಲಾಮುಖಿ ಬೂದಿ ಬೆರೆಸುವುದು ಬಹಳ ಹಳೆಯ ಜಾಣತನ. ರೋಮನ್ನರು ನೇಪಲ್ಸ್ ಬಳಿಯ ಪೊಟ್ಸುವೊಲಿಯ ಬೂದಿ ಬೆರೆಸಿದರು, ಪೊಜೊಲಾನ ಎಂಬ ಹೆಸರೇ ಆ ಊರಿನಿಂದ ಬಂದದ್ದು. 537ರಲ್ಲಿ ಮುಗಿದ ಇಸ್ತಾಂಬುಲಿನ ಹಾಗಿಯಾ ಸೋಫಿಯಾದ ದಪ್ಪ ಸಂದುಗಳಲ್ಲಿ ಇಟ್ಟಿಗೆ ಚೂರು, ಪುಡಿ ಸೇರಿದ ಸುಣ್ಣವಿದೆ.

ಇಲ್ಲಿ ಎಡವುವುದು ಇಟ್ಟಿಗೆಯ ಆಯ್ಕೆಯಲ್ಲಿ. ಸಿಕ್ಕ ಸಿಕ್ಕ ಇಟ್ಟಿಗೆಯ ಪುಡಿಯೆಲ್ಲ ಸುರ್ಕಿಯಾಗದು. ಕಡಿಮೆ ಶಾಖದಲ್ಲಿ, ಸುಮಾರು 950 ಡಿಗ್ರಿಗಿಂತ ಕೆಳಗೆ ಬೆಂದ ಮೆದು ಇಟ್ಟಿಗೆಯೇ ಬೇಕು. ಬಡಿದರೆ ಗಂಟೆಯಂತೆ ಕಣಕಣ ಎನ್ನುವ ಗಟ್ಟಿ ಇಟ್ಟಿಗೆಯ ಜೇಡಿ ಗಾಜಿನಂತಾಗಿ ಸುಣ್ಣದೊಡನೆ ಸೇರುವ ಶಕ್ತಿ ಕಳೆದುಕೊಂಡಿರುತ್ತದೆ. ಪುಡಿಯ ನುಣುಪೂ ಮುಖ್ಯ: 75 ಮೈಕ್ರಾನ್‌ಗಿಂತ ನುಣ್ಣಗಿನದು, ಎಂದರೆ ಕೈಗೆ ಗೋಧಿಹಿಟ್ಟಿನಂತೆ ಹತ್ತುವುದು, ಸುಣ್ಣದೊಡನೆ ರಾಸಾಯನಿಕವಾಗಿ ಬೆರೆಯುತ್ತದೆ. 300 ಮೈಕ್ರಾನ್‌ಗಿಂತ ದಪ್ಪನೆಯದು ಬೆರೆಯುವುದಿಲ್ಲ. ರಂಧ್ರಗಳಿರುವ ಮರಳಿನಂತೆ ವರ್ತಿಸಿ ಒಳಗೆ ತೇವ ಹಿಡಿದಿಟ್ಟು ಸುಣ್ಣ ಕಲ್ಲಾಗಲು ನೆರವಾಗುತ್ತದೆ. ಎರಡೂ ಒಳ್ಳೆಯದೇ, ಕೆಲಸ ಬೇರೆ.

ಸಂದು ತುಂಬಲು ಮುದ್ದೆ 1 ಪಾಲು, ಮರಳು 2½ ಪಾಲು, ನುಣ್ಣನೆ ಸುರ್ಕಿ ½ ಪಾಲಿನಿಂದ ಆರಂಭಿಸಿ. ಮೆಟಾಕೆಯೊಲಿನ್ (ಸುಟ್ಟ ಬಿಳಿ ಜೇಡಿಯ ಪುಡಿ) ಬಳಸಿದರೆ ಸುಣ್ಣದ ಅಳತೆಯ ಹತ್ತನೇ ಒಂದು ಪಾಲು ಸಾಕು, ಅದರ ಚುರುಕು ಬಹಳ ಹೆಚ್ಚು. ಸುರ್ಕಿ ಹಾಕಿದ ಮೇಲೆ ಗಾರೆಯನ್ನು ಆ ದಿನವೇ ಮುಗಿಸಬೇಕು. ಬರಿ ಸುಣ್ಣ ಮರಳಿನ ಕಲಸನ್ನು ಮುಚ್ಚಿಟ್ಟು ತಿಂಗಳು ಕಳೆದು ಬಳಸಿದಂತೆ ಇದನ್ನು ಬಳಸಲಾಗದು. ಕೆಂಪು ಛಾಯೆ ಬರುತ್ತದೆಂಬುದನ್ನೂ ಮರೆಯಬೇಡಿ. ಬಿಳಿ ಕಲ್ಲಿನ ಗೋಡೆಯಲ್ಲಿ ಅದು ಕಣ್ಣಿಗೆ ರಾಚುತ್ತದೆ.

ನಮ್ಮ ಮಟ್ಟಿಗೆ, ಮೂಲ ಗಾರೆಯಲ್ಲಿ ಇಟ್ಟಿಗೆ ಪುಡಿ ಇದ್ದರೆ ಬೇರೆ ಯೋಚನೆಯೇ ಬೇಡ. ಇಲ್ಲದಿದ್ದರೂ ತೇವದ ಗೋಡೆಗೆ ಎನ್‌ಎಚ್‌ಎಲ್ ಚೀಲ ತರುವ ಮುನ್ನ ಒಮ್ಮೆ ಇದನ್ನು ಪರಿಗಣಿಸಿ: ಎಷ್ಟು ಗಟ್ಟಿಯಾಗಬೇಕು ಎಂಬ ಹಿಡಿತ ನಿಮ್ಮ ಕೈಯಲ್ಲೇ ಇರುತ್ತದೆ.

ಎನ್‌ಎಚ್‌ಎಲ್: ಚೀಲದ ಮೇಲಿನ ಅಂಕಿ ನಂಬಿ ಕೆಡಬೇಡಿ

ಜೇಡಿ ಸಹಜವಾಗಿಯೇ ಬೆರೆತ ಸುಣ್ಣದ ಕಲ್ಲನ್ನು ಸುಟ್ಟದ್ದು ನ್ಯಾಚುರಲ್ ಹೈಡ್ರಾಲಿಕ್ ಲೈಮ್ ಅಂದರೆ ಎನ್‌ಎಚ್‌ಎಲ್, ಸ್ಮೀಟನ್ ಕಂಡುಕೊಂಡ ಸುಣ್ಣದ ವಂಶ. ಯುರೋಪಿನ ಇಎನ್ 459-1 ಮಾನದಂಡ ಇದನ್ನು 2, 3.5, 5 ಎಂದು ಮೂರು ದರ್ಜೆ ಮಾಡುತ್ತದೆ. ಅಂಕಿ ಹೇಳುವುದು 28 ದಿನಕ್ಕೆ ಇರಬೇಕಾದ ಕನಿಷ್ಠ ಒತ್ತಡ ಬಲವನ್ನು ಮಾತ್ರ. ದರ್ಜೆ 2ಕ್ಕೆ 2ರಿಂದ 7 ಮೆಗಾಪ್ಯಾಸ್ಕಲ್, 3.5ಕ್ಕೆ 3.5ರಿಂದ 10, 5ಕ್ಕೆ 5ರಿಂದ 15 ಎಂದು ವಿಶಾಲವಾದ ಅವಕಾಶವಿದೆ. ಅಂದರೆ ಒಬ್ಬ ತಯಾರಕರ 3.5 ಮತ್ತೊಬ್ಬರ 5ಕ್ಕಿಂತ ಗಟ್ಟಿಯಾಗಿರಬಹುದು. 28 ದಿನಕ್ಕೆ ಕಥೆ ಮುಗಿಯುವುದೂ ಇಲ್ಲ, ಒಂದೆರಡು ವರ್ಷ ಬಲ ಏರುತ್ತಲೇ ಹೋಗುತ್ತದೆ. ಆದ್ದರಿಂದ ತಯಾರಕರಿಂದ ಒಂದು ವರ್ಷದ ಬಲದ ಅಂಕಿ ಕೇಳಿ ಪಡೆದು, ಅದನ್ನು ನಿಮ್ಮ ಇಟ್ಟಿಗೆಯ ಬಲದ ಜೊತೆ ಹೋಲಿಸಿ. ಮೆದು ಇಟ್ಟಿಗೆಗೆ 5 ಬೇಡವೇ ಬೇಡ.

ಚೀಲದ ಮೇಲೆ 'ಎನ್' ಅಕ್ಷರ ಇಲ್ಲದೆ ಬರಿ ಎಚ್‌ಎಲ್ ಎಂದಿದ್ದರೆ ಒಳಗೆ ಸಿಮೆಂಟ್ ಬೆರೆತಿರಬಹುದು. ಎಫ್‌ಎಲ್ ಎಂದರೆ ಬೆರಕೆ ಸುಣ್ಣ, ಏನೇನು ಬೆರೆಸಿದ್ದಾರೆಂದು ಹೇಳಿರಬೇಕು. ಪಟ್ಟಿ ಓದಿ.

ಅಳತೆ ಯಾವಾಗಲೂ ಪಾತ್ರೆಯಿಂದ, ಸಲಿಕೆಯಿಂದಲ್ಲ, ತೂಕದಿಂದಲೂ ಅಲ್ಲ. ಈ ಸುಣ್ಣದ ಪುಡಿ ಹಗುರ, ಲೀಟರಿಗೆ 0.65 ಕಿಲೋ ಇರುವ 25 ಕಿಲೋ ಚೀಲ ಸುಮಾರು 38 ಲೀಟರ್ ಆಗುತ್ತದೆ. ಮರಳು ಅದರ ಎರಡು ಪಟ್ಟಿಗಿಂತ ಭಾರ. ತೂಕದಲ್ಲಿ 1ಕ್ಕೆ 2½ ಹಾಕಿದವರ ಗಾರೆಗೆ ಬೇಕಾದದ್ದಕ್ಕಿಂತ ಎರಡು ಪಟ್ಟು ಸುಣ್ಣ ಬಿದ್ದಿರುತ್ತದೆ, ಬಿರಿಯುತ್ತದೆ. ಪಾತ್ರೆಯ ಅಳತೆಯಲ್ಲಿ 1 ಪಾಲು 3.5 ದರ್ಜೆಗೆ 2½ ಪಾಲು ಮರಳು ಸಾಮಾನ್ಯ ಲೆಕ್ಕ. ಯಂತ್ರದಲ್ಲಿ ಮೊದಲು ಒಣದಾಗಿ, ಆಮೇಲೆ ಸ್ವಲ್ಪವೇ ನೀರು ಹಾಕಿ ಹತ್ತರಿಂದ ಇಪ್ಪತ್ತು ನಿಮಿಷ ಕಲಸಿ. ಮೊದಲ ಐದು ನಿಮಿಷ ಒರಟಾಗಿ ಕಂಡಿತೆಂದು ನೀರು ಸುರಿದರೆ ಕೊನೆಗೆ ತೆಳ್ಳಗಾಗಿ ಕೂರುತ್ತದೆ.

ಹೊರಗೋಡೆ, ಗಟ್ಟಿ ಕಲ್ಲು, ಚಿಮಣಿ, ಗೋಡೆ ನೆತ್ತಿ, ಕೆಲಸದ ಅವಧಿ ಕಡಿಮೆ ಇರುವ ಕಡೆ ಎನ್‌ಎಚ್‌ಎಲ್ ಸೂಕ್ತ. 'ಸುಣ್ಣವೇ ತಾನೇ' ಎಂದು ಎಲ್ಲ ಕಡೆ ಬಳಿಯುವ ಈಚಿನ ರೂಢಿ ಮಾತ್ರ ಒಳ್ಳೆಯದಲ್ಲ.

ಸಿಮೆಂಟ್, ಮತ್ತು 'ಒಂದು ಚಿಟಿಕೆ ಸಿಮೆಂಟ್'

ಸಿಮೆಂಟ್ ಗಾರೆ ಹಳೆಯ ಗೋಡೆಗೆ ಬೇಡ ಎನ್ನಲು ಗಟ್ಟಿತನ, ಉಸಿರುಗಟ್ಟುವಿಕೆಗಳ ಜೊತೆ ಇನ್ನೊಂದು ಕಾರಣವಿದೆ. ಜಿಪ್ಸಮ್ ಅಥವಾ ಸಲ್ಫೇಟ್ ಉಪ್ಪು ಇರುವ ತೇವದ ಗೋಡೆಯಲ್ಲಿ ಅದು ಸಿಮೆಂಟಿನ ಅಲ್ಯುಮಿನೇಟ್ ಜೊತೆ ಸೇರಿ ಎಟ್ರಿಂಜೈಟ್ ಎಂಬ ಊದುವ ಹರಳಾಗುತ್ತದೆ, ಗಾರೆ ಉಬ್ಬಿ ಗೋಡೆಯನ್ನೇ ತಳ್ಳುತ್ತದೆ. ಸಿಮೆಂಟ್ ತನ್ನದೇ ಕ್ಷಾರ ಲವಣಗಳನ್ನೂ ಗೋಡೆಗೆ ಬಿಡುತ್ತದೆ.

ಸುಣ್ಣ ಬೇಗ ಹಿಡಿಯಲಿ ಎಂದು ಸ್ವಲ್ಪವೇ ಸಿಮೆಂಟ್ ಬೆರೆಸುವ ಅಭ್ಯಾಸ ಇನ್ನೂ ಅಪಾಯಕಾರಿ, ಏಕೆಂದರೆ ಅದು ಜಾಣ ನಡುದಾರಿಯಂತೆ ಕಾಣುತ್ತದೆ. 1990ರ ದಶಕದಲ್ಲಿ ಬ್ರಿಟನ್ನಿನಲ್ಲಿ ಸ್ಮೀಟನ್ ಹೆಸರಿಟ್ಟುಕೊಂಡೇ ನಡೆದ ಪ್ರಯೋಗಗಳಲ್ಲಿ ಇಂಥ ಬಡ ಮಿಶ್ರಣಗಳು ತಾಳಿಕೆಯಲ್ಲಿ ಹಿಂದೆ ಬಿದ್ದವು. ಸಿಮೆಂಟ್ ಮೊದಲು ಬಿಗಿಯುತ್ತದೆ, ಸುಣ್ಣ ಇನ್ನೂ ಕಲ್ಲಾಗುವ ಮೊದಲೇ ಬೇರ್ಪಡುತ್ತದೆ. ಎರಡರ ಬಲವೂ ಸಿಗದೆ ಹೋಗುತ್ತದೆ. ಬೇಗ ಹಿಡಿಯಬೇಕಿದ್ದರೆ ಮೆಟಾಕೆಯೊಲಿನ್ ಇದೆ, ಸುರ್ಕಿ ಇದೆ.

ಗಟ್ಟಿಯಾದದ್ದು ಹಳೆಯದನ್ನು ಹಾಳು ಮಾಡುವುದು ಗಾರೆಗಷ್ಟೇ ಸೀಮಿತವಲ್ಲ. ಅಥೆನ್ಸಿನ ಆಕ್ರೊಪೊಲಿಸ್‌ನಲ್ಲಿ 20ನೇ ಶತಮಾನದ ಮೊದಲ ದಶಕಗಳಲ್ಲಿ ಹಾಕಿದ ಕಬ್ಬಿಣದ ಕೊಂಡಿಗಳು ತುಕ್ಕು ಹಿಡಿದು ಉಬ್ಬಿ ಅಮೃತಶಿಲೆಯನ್ನು ಸೀಳಿದವು. ಪ್ರಾಚೀನರೂ ಕಬ್ಬಿಣವನ್ನೇ ಹಾಕಿದ್ದರು, ಆದರೆ ಸುತ್ತ ಸೀಸ ಸುರಿದು. ಈಗ ಅಲ್ಲಿ ಟೈಟೇನಿಯಂ ಬಳಸುತ್ತಾರೆ.

ಹಾಗೆಂದು ಆಧುನಿಕವಾದದ್ದೆಲ್ಲ ನಿಷಿದ್ಧವಲ್ಲ. ಸ್ಮಾರಕಗಳ ಸಂರಕ್ಷಣೆ ಕುರಿತ 1964ರ ವೆನಿಸ್ ಸನದಿನ 10ನೇ ವಿಧಿ, ಸಾಂಪ್ರದಾಯಿಕ ವಿಧಾನ ಸಾಲದಾದಾಗ ವಿಜ್ಞಾನ ಮತ್ತು ಅನುಭವ ಎರಡೂ ಒಪ್ಪಿದ ಹೊಸ ವಿಧಾನ ಬಳಸಲು ಅವಕಾಶ ಕೊಡುತ್ತದೆ. ಮೊದಲಿನಿಂದಲೂ ಸಿಮೆಂಟಿನಲ್ಲೇ ಕಟ್ಟಿದ 20ನೇ ಶತಮಾನದ ಪಾರಂಪರಿಕ ಕಟ್ಟಡಕ್ಕೆ ಸಿಮೆಂಟೇ ಮೂಲ ವಸ್ತು, ಅಲ್ಲಿ ಸುಣ್ಣ ಹುಡುಕುವುದು ವ್ಯರ್ಥ.

ಹಿಂದೆ ಯಾರೋ ತುಂಬಿದ ಸಿಮೆಂಟನ್ನು ತೆಗೆಯಬೇಕೇ? ಉಳಿಯಿಂದ ತಟ್ಟಿದಾಗ ಪಟ್ಟಿಯಾಗಿ ಎದ್ದು ಬಂದರೆ ತೆಗೆಯಿರಿ. ಇಟ್ಟಿಗೆಯ ಅಂಚನ್ನು ಕಿತ್ತುಕೊಂಡೇ ಬರುತ್ತಿದ್ದರೆ ಕೈ ಬಿಡಿ. ಅದು ತಾನಾಗಿ ಸಡಿಲಾಗುವವರೆಗೆ ಕಾಯುವುದೇ ಕಡಿಮೆ ನಷ್ಟ. ಗ್ರೈಂಡರ್ ಹಿಡಿದರೆ ಅಡ್ಡ ಸಂದು ಹೇಗೋ ನಡೆದೀತು, ಲಂಬ ಸಂದಿನಲ್ಲಿ ಮೇಲಿನ ಕೆಳಗಿನ ಇಟ್ಟಿಗೆಗೆ ಗಾಯ ತಪ್ಪಿದ್ದಲ್ಲ.

ಮರಳಿನ ಮಾತು

ಸುಣ್ಣದ ಬಗ್ಗೆ ಇಷ್ಟು ತಲೆಕೆಡಿಸಿಕೊಂಡು ಮರಳಿನಲ್ಲಿ ಕೆಡಿಸುವವರು ಬಹಳ. ಕಣಗಳು ಚೂಪಾಗಿರಬೇಕು, ದಪ್ಪದಿಂದ ಸಣ್ಣದವರೆಗೆ ಎಲ್ಲ ಗಾತ್ರ ಇರಬೇಕು, ಅತಿ ದೊಡ್ಡ ಕಣ ಸಂದಿನ ಅಗಲದ ಮೂರನೇ ಒಂದು ಪಾಲು ಮೀರಬಾರದು. ಒಂದು ಲೀಟರ್ ಒಣ ಮರಳನ್ನು ಪಾತ್ರೆಗೆ ತಟ್ಟಿ ತುಂಬಿ, ಮೇಲ್ಮಟ್ಟಕ್ಕೆ ಬರುವವರೆಗೆ ಅಳೆದ ನೀರು ಹಾಕಿ. ಮೂರನೇ ಒಂದು ಲೀಟರ್ ಹಿಡಿದರೆ ಸುಣ್ಣ ಮರಳಿನ ಲೆಕ್ಕ 1ಕ್ಕೆ 3. 400 ಮಿಲಿಲೀಟರ್ ಹಿಡಿದರೆ 1ಕ್ಕೆ 2½. ಆ ಖಾಲಿ ಜಾಗ ತುಂಬುವಷ್ಟು ಸುಣ್ಣ ಬೇಕೆಂಬುದೇ ಈ ಪ್ರಮಾಣಗಳ ಗುಟ್ಟು. ಕಡಲ ಮರಳು ಉಪ್ಪಿನ ಕಾರಣಕ್ಕೆ ಬೇಡ.

ಬೇಕಾಗುವ ಗಾರೆ ಕಡಿಮೆಯೇ. 230 ಮಿಲಿಮೀಟರ್ ಉದ್ದ, 75 ಎತ್ತರದ ಇಟ್ಟಿಗೆ, 10 ಮಿಲಿಮೀಟರ್ ಸಂದು, 25 ಆಳ ಎಂದು ಹಿಡಿದರೆ ಒಂದು ಚದರ ಮೀಟರಿಗೆ ಸುಮಾರು 4 ಲೀಟರ್. ಚೆಲ್ಲುವುದು ಸೇರಿ 5 ಎಂದಿಟ್ಟುಕೊಳ್ಳಿ.

ತುಂಬುವುದು, ಕಾಯುವುದು

ಸಂದನ್ನು ಅದರ ಅಗಲದ ಎರಡು ಪಟ್ಟು, ಕನಿಷ್ಠ 25 ಮಿಲಿಮೀಟರ್ ಆಳಕ್ಕೆ ಚೌಕವಾಗಿ ಕೆರೆಯಿರಿ. ಬ್ರಷ್‌ನಿಂದ ಹುಡಿ ತೆಗೆದು, ಹಿಂದಿನ ದಿನವೂ ತುಂಬುವ ಮೊದಲೂ ನೀರು ಚಿಮುಕಿಸಿ. ಗೋಡೆ ಒದ್ದೆಯಾಗಿರಬೇಕು, ನೀರು ಹೊಳೆಯಬಾರದು. ಗಾರೆ ಉಂಡೆ ಕಟ್ಟಿದರೆ ನಿಲ್ಲುವಷ್ಟು ಗಟ್ಟಿಯಾಗಿರಲಿ. ಆಳದಿಂದ ಒತ್ತಿ ಒತ್ತಿ ತುಂಬಿ. ಹೆಬ್ಬೆರಳಿನ ಗುರುತು ಕಷ್ಟದಲ್ಲಿ ಬೀಳುವಷ್ಟು ಬಿಗಿದಾಗ ಗಡಸು ಬ್ರಷ್‌ನಿಂದ ನೇರ ಕುಟ್ಟಿ. ಕರಣೆಯಿಂದ ಉಜ್ಜಿ ನುಣುಪು ಮಾಡಿದರೆ ಮೇಲೆ ಸುಣ್ಣದ ಪೊರೆ ಕಟ್ಟಿ ಗಾಳಿ ಒಳಹೋಗುವುದಿಲ್ಲ. ಗಿಲಾವಾದರೆ ಒಂದು ಸಲಕ್ಕೆ 10 ಮಿಲಿಮೀಟರ್ ಮೀರದಂತೆ, ಪ್ರತಿ ಪದರವೂ ಹಿಂದಿನದಕ್ಕಿಂತ ತೆಳುವಾಗಿ, ಮೆದುವಾಗಿ ಇರಬೇಕು.

ಆಮೇಲೆ ಕನಿಷ್ಠ ಒಂದು ವಾರ ಒದ್ದೆ ಗೋಣಿಯ ಪರದೆ, ಗೋಡೆಗೆ ತಾಗದಂತೆ. ಬಿಸಿಲು, ಬೀಸುಗಾಳಿ, ಬಡಿಯುವ ಮಳೆ ಮೂರೂ ಶತ್ರುಗಳು. ಉಷ್ಣತೆ 5 ಡಿಗ್ರಿಗಿಂತ ಕೆಳಗಿಳಿಯುವ ದಿನಗಳಲ್ಲಿ ಕೆಲಸ ಬೇಡ. ಬರಿ ಸುಣ್ಣವಾದರೆ ಹಿಮ ಬೀಳುವುದಕ್ಕೆ ಎರಡು ಮೂರು ತಿಂಗಳು ಮೊದಲೇ ಮುಗಿಸಿ.

ಕೆಟ್ಟಾಗ ಏನನ್ನು ದೂರಬೇಕು

ಬೆರಳಿಟ್ಟರೆ ಹುಡಿಯಾಗಿ ಉದುರುತ್ತಿದ್ದರೆ ಗಾರೆ ಕಲ್ಲಾಗುವ ಮೊದಲೇ ಒಣಗಿದೆ. ಸುಣ್ಣದ ತಪ್ಪಲ್ಲ, ಕಾವಲಿನ ತಪ್ಪು. ಜಾಲರಿಯಂಥ ಸಣ್ಣ ಬಿರುಕು ಬಂದರೆ ನೀರು ಹೆಚ್ಚಾಗಿದೆ, ಸುಣ್ಣ ಹೆಚ್ಚಾಗಿದೆ ಅಥವಾ ಮರಳು ತೀರಾ ನುಣ್ಣಗಿದೆ. ಸಂದಿನ ಎರಡೂ ಅಂಚಿನಲ್ಲಿ ಗೆರೆಯಂತೆ ಬಿಟ್ಟರೆ ಒಣ ಇಟ್ಟಿಗೆ ನೀರು ಕುಡಿದುಬಿಟ್ಟಿದೆ. ವಾರಗಳ ನಂತರ ಗಿಲಾವಿನಲ್ಲಿ ನಾಣ್ಯದಗಲ ಸಿಡಿದು, ತಳದಲ್ಲಿ ಬಿಳಿ ಚುಕ್ಕೆ ಕಂಡರೆ ಅರಳದ ಸುಣ್ಣದ ಕಣ ಒಳಗೆ ಉಳಿದಿತ್ತು; ಜರಡಿ ಒರಟಾಗಿತ್ತು ಅಥವಾ ಮುದ್ದೆ ಹಣ್ಣಾಗಿರಲಿಲ್ಲ. ಮೇಲೆ ಬಿಳಿ ಪೊರೆ ಇಳಿದಿದ್ದರೆ ಬೇಗ ಮಳೆ ಬಿದ್ದು ಸುಣ್ಣ ಹೊರಗೆ ಹರಿದಿದೆ. ಒಂದೆರಡು ವರ್ಷ ಚೆನ್ನಾಗಿದ್ದು ನೆಲಮಟ್ಟದಲ್ಲಷ್ಟೇ ಉದುರತೊಡಗಿದರೆ ಅದು ಉಪ್ಪು. ಆಗ ಗಾರೆ ತನ್ನ ಕೆಲಸವನ್ನೇ ಮಾಡುತ್ತಿದೆ. ಅದರ ಬದಲು ಗಟ್ಟಿ ಗಾರೆ ಹಾಕುವ ಮುನ್ನ ಸೋರುವ ಕೊಳವೆ, ಏರಿದ ಹೊರನೆಲ, ಹರಿಯದ ಚರಂಡಿ ಇವನ್ನು ನೋಡಿ.

ಮೇಲೆ ಬಣ್ಣ ಬೇಕಿದ್ದರೆ ತೆಳು ಸುಣ್ಣದ ನೀರು ನಾಲ್ಕೈದು ಕೈ, ಅಥವಾ ಸಿಲಿಕೇಟ್ ಬಣ್ಣ. ಪ್ಲಾಸ್ಟಿಕ್ ಪೊರೆ ಕಟ್ಟುವ ಅಕ್ರಿಲಿಕ್ ಹಚ್ಚಿದರೆ, ಇಷ್ಟು ಎಚ್ಚರದಿಂದ ಆರಿಸಿದ ಗಾರೆಯನ್ನು ಒಂದೇ ದಿನದಲ್ಲಿ ಸಿಮೆಂಟಿನ ಸ್ಥಿತಿಗೆ ತಂದಂತೆ.